ಟ್ಯಾಬ್ಲೆಟ್ ತಗೋತಿದ್ದೀನಿ, ಎಲ್ರೂ ವಾಕಿಂಗ್ ಹೋಗು ಅಂತಾರೆ, ಎದ್ದೇಳೋಕೇ ಆಗಲ್ಲ

ಪ್ರಶ್ನೆ: ಡಾಕ್ಟ್ರೇ, ನನಗೆ 39 ವರ್ಷ. ಆರೇಳು ತಿಂಗಳಿಂದ ಮನಸ್ಸು ಯಾವುದರಲ್ಲೂ ಇಲ್ಲ, ಬೆಳಿಗ್ಗೆ ಎದ್ರೆ ಎದೆ ಮೇಲೆ ಕಲ್ಲಿಟ್ಟ ಹಾಗಿರುತ್ತೆ. ಸೈಕಿಯಾಟ್ರಿಸ್ಟ್ ಹತ್ರ ತೋರಿಸಿದೆ, ಡಿಪ್ರೆಶನ್ ಜೊತೆ ಸ್ವಲ್ಪ ಆಂಗ್ಸೈಟಿನೂ ಇದೆ ಅಂದ್ರು. ಎರಡು ತಿಂಗಳಿಂದ ಟ್ಯಾಬ್ಲೆಟ್ ತಗೋತಿದ್ದೀನಿ, ಸ್ವಲ್ಪ ವಾಸಿ. ಎಕ್ಸರ್‌ಸೈಜ್ ಮಾಡಿ ಅಂದಿದ್ದಾರೆ. ನಮ್ಮನೆಯವರೂ ದಿನಾ "ವಾಕಿಂಗ್ ಹೋಗು, ಎಲ್ಲಾ ಸರಿ ಹೋಗುತ್ತೆ" ಅಂತಾರೆ. ಆದ್ರೆ ಹಾಸಿಗೆಯಿಂದ ಏಳೋದೇ ದೊಡ್ಡ ಕೆಲ್ಸ, ನಾನು ಸೋಮಾರಿ ಆಗ್ಬಿಟ್ಟಿದ್ದೀನಿ ಅನ್ಸುತ್ತೆ. ನನ್ನ ಡ್ಯೂಟಿನೇ ದಿನವಿಡೀ ನಿಂತು ಓಡಾಡೋದು, ಮನೆಗೆ ಬಂದ್ರೆ ಮನೆಕೆಲ್ಸ, ಅದು ಎಕ್ಸರ್‌ಸೈಜ್ ಅಲ್ವಾ? ಒಂದಿನ ಹಠ ಮಾಡಿ ಓಡೋಕೆ ಹೋದೆ, ಎದೆ ಡವಡವ ಹೊಡ್ಕೊಂಡು ಭಯ ಆಗಿ ವಾಪಸ್ ಬಂದೆ, ಆಮೇಲೆ ಹೋಗಿಲ್ಲ. ಎಕ್ಸರ್‌ಸೈಜ್ ಶುರು ಮಾಡಿದ್ರೆ ಟ್ಯಾಬ್ಲೆಟ್ ಬಿಡಬಹುದಾ? ಎಷ್ಟು ಮಾಡಿದ್ರೆ ಸಾಕು?

ಉತ್ತರ: ನೀವು ಕೇಳಿರೋ ಪ್ರಶ್ನೆಗಳಿಗಿಂತ ಮುಂಚೆ ಆ "ಸೋಮಾರಿ" ಅನ್ನೋ ಪದದ ಬಗ್ಗೆ ಮಾತಾಡ್ಬೇಕು. ಸೋಮಾರಿ ಆದೋರು ಮಲಗಿದಾಗ ಖುಷಿಯಾಗಿ ಮಲಗಿರ್ತಾರೆ. ನೀವು ಮಲಗಿರೋವಾಗ ನಿಮಗೆ ನೆಮ್ಮದಿ ಇದೆಯಾ? ಇಲ್ಲ, ಎದ್ದಿಲ್ವಲ್ಲ ಅಂತ ಒಳಗೊಳಗೇ ಕೊರಗ್ತಾ ಮಲಗಿರ್ತೀರ. ಅದು ಸೋಮಾರಿತನ ಅಲ್ಲ, ಕಾಯಿಲೆಯ ಲಕ್ಷಣ. ಒಂದು ಕೆಲ್ಸಕ್ಕೆ ಎಷ್ಟು ಶ್ರಮ ಬೇಕು, ಅದ್ರಿಂದ ನನಗೇನು ಸಿಗುತ್ತೆ ಅಂತ ನಮ್ಮ ಮೆದುಳು ಸದಾ ಲೆಕ್ಕ ಹಾಕ್ತಾ ಇರುತ್ತೆ, ಡಿಪ್ರೆಶನ್‌ನಲ್ಲಿ ಈ ಲೆಕ್ಕನೇ ತಪ್ಪುತ್ತೆ, ಶ್ರಮ ಬೆಟ್ಟದಷ್ಟು ಕಾಣುತ್ತೆ, ಸಿಗೋ ಸಂತೋಷ ಸೊನ್ನೆ ಅನ್ಸುತ್ತೆ. ಚಪ್ಪಲಿ ಹಾಕ್ಕೊಂಡು ಬಾಗಿಲು ದಾಟೋದೂ ಭಾರ ಆಗೋದು ಅದಕ್ಕೇ. ಇದನ್ನ ಯಾಕೆ ಮೊದಲೇ ಹೇಳ್ದೆ ಅಂದ್ರೆ, ನನ್ನ ಹತ್ರ ಬರೋರಲ್ಲಿ ತುಂಬಾ ಜನ ಎಕ್ಸರ್‌ಸೈಜ್ ಅನ್ನೋದನ್ನ ತಮಗೆ ತಾವೇ ಕೊಟ್ಕೊಳ್ಳೋ ಶಿಕ್ಷೆ ಥರ ಶುರು ಮಾಡ್ತಾರೆ, ನಾಲ್ಕು ದಿನ ಮೈ ಹಣ್ಣಾಗೋ ಹಾಗೆ ಮಾಡ್ತಾರೆ, ಐದನೇ ದಿನ ತಪ್ಪುತ್ತೆ, ಆಮೇಲೆ "ನೋಡಿ ಇದೂ ನನ್ನ ಕೈಲಿ ಆಗ್ಲಿಲ್ಲ" ಅಂತ ಮೊದಲಿಗಿಂತ ಹೆಚ್ಚು ಕುಗ್ಗಿ ಬರ್ತಾರೆ. ನಿಮಗೆ ಹಾಗಾಗೋದು ಬೇಡ.

ಈಗ ಟ್ಯಾಬ್ಲೆಟ್ ವಿಷಯ. ಬಿಡಬೇಡಿ. ನಿಮಗೆ ನೀವೇ ನಿರ್ಧಾರ ಮಾಡಿ ಖಂಡಿತ ಬಿಡಬೇಡಿ. ಎರಡು ತಿಂಗಳಲ್ಲಿ ಸ್ವಲ್ಪ ವಾಸಿ ಆಗಿದೆ ಅಂದ್ರೆ ಔಷಧಿ ಕೆಲ್ಸ ಮಾಡ್ತಿದೆ ಅನ್ನೋ ಸೂಚನೆ. ಪೂರ್ತಿ ಚೆನ್ನಾದ ಮೇಲೂ ಸಾಮಾನ್ಯವಾಗಿ ಕಡಿಮೆ ಅಂದ್ರೆ ಆರು ತಿಂಗಳು ಮುಂದುವರಿಸಿ ಅಂತಾನೇ ನಾವು ಹೇಳೋದು, ಯಾಕಂದ್ರೆ ಬೇಗ ನಿಲ್ಲಿಸಿದ್ರೆ ಕಾಯಿಲೆ ತಿರುಗಿ ಬರೋ ಸಾಧ್ಯತೆ ಹೆಚ್ಚು. ಒಂದೇ ಸಲ ನಿಲ್ಲಿಸಿದ್ರೆ ತಲೆಸುತ್ತು, ಕಿರಿಕಿರಿ, ನಿದ್ದೆ ಕೆಡೋದು, ತಲೇಲಿ ಕರೆಂಟ್ ಹೊಡೆದ ಹಾಗಾಗೋದು ಇವೆಲ್ಲಾ ಬರಬಹುದು, ಅದನ್ನ ನೋಡಿ ಗಾಬರಿ ಆಗಿ ಓಡಿ ಬರೋರಿದ್ದಾರೆ. ಕಡಿಮೆ ಮಾಡೋ ಕಾಲ ಬಂದಾಗ ನಿಮ್ಮ ಡಾಕ್ಟ್ರೇ ನಿಧಾನವಾಗಿ ಇಳಿಸ್ತಾರೆ.

ಆದ್ರೆ ನಿಮಗೆ ಈ ಪ್ರಶ್ನೆ ಯಾಕೆ ಬಂತು ಅಂತ ನನಗೆ ಅರ್ಥ ಆಗುತ್ತೆ. "ಎಕ್ಸರ್‌ಸೈಜ್ ಔಷಧಿಯಷ್ಟೇ ಪವರ್‌ಫುಲ್" ಅಂತ ಫೋನಲ್ಲಿ ದಿನಾ ಒಂದು ವಿಡಿಯೋ ಬರುತ್ತೆ. ಆ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ, ಅದರ ಹಿಂದೆ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯವರು 1999ರಲ್ಲಿ ಪ್ರಕಟಿಸಿದ ಒಂದು ಸ್ಟಡಿ ಇದೆ. 50 ದಾಟಿದ, ಡಿಪ್ರೆಶನ್ ಇದ್ದ 156 ಜನರನ್ನ ಮೂರು ಗುಂಪು ಮಾಡಿದ್ರು, ಒಂದು ಗುಂಪಿಗೆ ಸರ್ಟ್ರಾಲಿನ್ ಅನ್ನೋ ಮಾತ್ರೆ, ಇನ್ನೊಂದಕ್ಕೆ ವಾರಕ್ಕೆ ಮೂರು ದಿನ ಎಕ್ಸರ್‌ಸೈಜ್, ಮತ್ತೊಂದಕ್ಕೆ ಎರಡೂ. 16 ವಾರ ಆದ್ಮೇಲೆ ನೋಡಿದ್ರೆ ಮೂರೂ ಗುಂಪು ಹೆಚ್ಚುಕಮ್ಮಿ ಒಂದೇ ಥರ ಸುಧಾರಿಸಿತ್ತು. ವಿಡಿಯೋದಲ್ಲಿ ಇಷ್ಟು ಹೇಳಿ ನಿಲ್ಲಿಸ್ತಾರೆ. ಹೇಳದೇ ಬಿಡೋದು ಏನಂದ್ರೆ, ಮಾತ್ರೆ ತಗೊಂಡೋರಿಗೆ ಗುಣ ಬೇಗ ಕಂಡಿತ್ತು, ಎಕ್ಸರ್‌ಸೈಜ್‌ನೋರು ನಿಧಾನವಾಗಿ ಬಂದು ಸೇರ್ಕೊಂಡ್ರು, ಮತ್ತೆ ಅವ್ರು ಒಂಟಿಯಾಗಿ ಮಾಡಿದ್ದಲ್ಲ, ಗುಂಪಿನಲ್ಲಿ, ಪಕ್ಕದಲ್ಲಿ ನಿಂತು ಮಾಡಿಸೋರು ಇದ್ರು. ಅದೇ ತಂಡ 2007ರಲ್ಲಿ ಇನ್ನೂ ಬಿಗಿಯಾಗಿ 202 ಜನರ ಮೇಲೆ ಮತ್ತೆ ಮಾಡ್ತು, ಈ ಸಲ ಔಷಧಿ ಇಲ್ಲದ ಖಾಲಿ ಮಾತ್ರೆ ಕೊಟ್ಟ ಗುಂಪೂ ಇತ್ತು. ನಾಲ್ಕು ತಿಂಗಳಿಗೆ ಡಿಪ್ರೆಶನ್‌ನಿಂದ ಹೊರಬಂದೋರು ಮಾತ್ರೆ ಗುಂಪಲ್ಲಿ ಶೇ. 47, ಮೇಲ್ವಿಚಾರಣೆಯಲ್ಲಿ ಎಕ್ಸರ್‌ಸೈಜ್ ಮಾಡಿದೋರಲ್ಲಿ ಶೇ. 45, ಮನೇಲೇ ಮಾಡಿಕೊಂಡೋರಲ್ಲಿ ಶೇ. 40, ಖಾಲಿ ಮಾತ್ರೆಯೋರಲ್ಲಿ ಶೇ. 31. ಅಂದ್ರೆ ಮೈ ಆಡಿಸೋದಕ್ಕೆ ನಿಜವಾದ ಶಕ್ತಿ ಇದೆ, ನನಗೆ ಅದ್ರಲ್ಲಿ ಅನುಮಾನ ಇಲ್ಲ, ಆದ್ರೆ ಅದು ಎಲ್ರಿಗೂ ಒಂದೇ ಥರ ಕೆಲ್ಸ ಮಾಡೋ ಮಂತ್ರ ಅಲ್ಲ, ಮಾತ್ರೆನೂ ಅಂಥ ಮಂತ್ರ ಅಲ್ಲ. ನಿಮ್ಮ ಕೈಯಲ್ಲಿ ಎರಡೂ ಇರೋವಾಗ ಒಂದನ್ನ ಯಾಕೆ ಬಿಡ್ತೀರ?

2012ರಲ್ಲಿ ಇಂಗ್ಲೆಂಡ್‌ನಲ್ಲಿ ಇನ್ನೊಂದು ದೊಡ್ಡ ಟ್ರಯಲ್ ರಿಸಲ್ಟ್ ಬಂತು, 361 ಜನ ಡಿಪ್ರೆಶನ್ ಇರೋರು. ಮಾಮೂಲಿ ಚಿಕಿತ್ಸೆ ಜೊತೆಗೆ ಅರ್ಧ ಜನಕ್ಕೆ "ಹೆಚ್ಚು ಓಡಾಡಿ" ಅಂತ ಹುರಿದುಂಬಿಸೋಕೆ, ಸಲಹೆ ಕೊಡೋಕೆ ಒಬ್ಬರನ್ನ ನೇಮಿಸಿದ್ರು, ಮುಖಾಮುಖಿ ಮಾತು, ಫೋನು ಎಲ್ಲಾ ಇತ್ತು. ಆ ಜನ ಹೌದು, ಸ್ವಲ್ಪ ಜಾಸ್ತಿ ಓಡಾಡ್ತಿದ್ದೀವಿ ಅಂದ್ರು, ಆದ್ರೆ ಡಿಪ್ರೆಶನ್ ಮಟ್ಟದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣ್ಲಿಲ್ಲ. ಇದನ್ನ ಕೆಲವರು "ಎಕ್ಸರ್‌ಸೈಜ್‌ನಿಂದ ಏನೂ ಆಗಲ್ಲ" ಅಂತ ಓದ್ತಾರೆ. ನಾನು ಹಾಗೆ ಓದಲ್ಲ. ಡ್ಯೂಕ್‌ನೋರು ಎಕ್ಸರ್‌ಸೈಜ್ ಮಾಡಿಸಿದ್ರು, ಇವ್ರು ಎಕ್ಸರ್‌ಸೈಜ್ ಬಗ್ಗೆ ಮಾತಾಡಿದ್ರು, ನನ್ನ ಪ್ರಕಾರ ಇರೋ ವ್ಯತ್ಯಾಸ ಇದು. ಬುದ್ಧಿ ಹೇಳೋದ್ರಿಂದ ಕಾಲು ನಡೆಯಲ್ಲ. ನಿಮ್ಮನೆಯವರಿಗೂ ಇದು ಗೊತ್ತಾಗ್ಬೇಕು, ಅದಕ್ಕೆ ಕೊನೇಲಿ ಬರ್ತೀನಿ.

ಇನ್ನು ನೀವು ಕೇಳಿದ್ರಲ್ಲಿ ನನಗೆ ತುಂಬಾ ಇಷ್ಟ ಆದ ಪ್ರಶ್ನೆ, ದಿನವಿಡೀ ಓಡಾಡೋ ಕೆಲ್ಸನೂ ಎಕ್ಸರ್‌ಸೈಜ್ ಅಲ್ವಾ ಅಂತ. ದೇಹದ ಲೆಕ್ಕದಲ್ಲಿ ಹೌದು, ಸ್ನಾಯುಗಳಿಗೆ ಅದು ಡ್ಯೂಟಿನಾ ವಾಕಿಂಗಾ ಅಂತ ಗೊತ್ತಾಗಲ್ಲ. ಆದ್ರೆ ಮನಸ್ಸಿಗೆ ಚೆನ್ನಾಗೇ ಗೊತ್ತಾಗುತ್ತೆ. ತುಂಬಾ ಸ್ಟಡಿಗಳನ್ನ ಒಟ್ಟು ಸೇರಿಸಿ ನೋಡಿದಾಗ ಬಿಡುವಿನ ಹೊತ್ತಲ್ಲಿ ಇಷ್ಟಪಟ್ಟು ಮಾಡೋ ಚಟುವಟಿಕೆಗೂ ಒಳ್ಳೆ ಮಾನಸಿಕ ಆರೋಗ್ಯಕ್ಕೂ ಸಂಬಂಧ ಕಾಣುತ್ತೆ, ನೌಕರಿಯಲ್ಲಿ ಮಾಡೋ ಮೈಮುರಿಯೋ ಕೆಲ್ಸದಲ್ಲಿ, ಮನೆಕೆಲ್ಸದಲ್ಲಿ ಆ ಸಂಬಂಧ ಹಾಗೆ ಕಾಣಲ್ಲ. ಯಾಕೆ ಅಂತ ಯೋಚನೆ ಮಾಡಿ ನೋಡಿ, ಡ್ಯೂಟಿಯಲ್ಲಿ ಯಾವಾಗ ಶುರು ಮಾಡ್ಬೇಕು, ಯಾವಾಗ ನಿಲ್ಲಿಸ್ಬೇಕು ನಿಮ್ಮ ಕೈಲಿಲ್ಲ, ಸುಸ್ತಾದ್ರೂ ನಿಲ್ಲೋ ಹಾಗಿಲ್ಲ, ತಲೆಯಲ್ಲಿ ಮೇಲಿನವರು ಏನಂತಾರೋ ಅನ್ನೋ ಟೆನ್ಷನ್ ಓಡ್ತಿರುತ್ತೆ, ಮನೆಗೆ ಬಂದ್ರೆ ಮುಗಿಸಿದ ಕೆಲ್ಸ ಮರುದಿನ ಮತ್ತೆ ಅಷ್ಟೇ ಇರುತ್ತೆ. ಅದೇ ಹತ್ತು ನಿಮಿಷ ನಿಮಗೋಸ್ಕರ ನಡೆದ್ರೆ ಅದು ನೀವೇ ಆರಿಸ್ಕೊಂಡಿದ್ದು, ನೀವೇ ಮುಗಿಸಿದ್ದು. ಡಿಪ್ರೆಶನ್‌ನಲ್ಲಿ ಇರೋರಿಗೆ "ಇವತ್ತು ಇದೊಂದನ್ನ ನಾನು ಮಾಡ್ದೆ" ಅನ್ನೋದು ಎಷ್ಟು ದೊಡ್ಡದು ಅಂತ ಹೊರಗಿರೋರಿಗೆ ಅರ್ಥ ಆಗಲ್ಲ. ಹಾಗಾಗಿ ದಿನವಿಡೀ ದುಡಿದು ಸುಸ್ತಾಗಿರೋ ನಿಮಗೆ "ಇನ್ನೂ ಹೆಚ್ಚು ಶ್ರಮ ಪಡಿ" ಅಂತ ನಾನು ಹೇಳ್ತಿಲ್ಲ. ನಿಮಗೆ ಬೇಕಿರೋದು ಬೇರೆ ಥರದ ಚಲನೆ, ಸ್ವಲ್ಪವೇ ಆದ್ರೂ ಪರವಾಗಿಲ್ಲ, ಅದು ನಿಮ್ಮದಾಗಿರ್ಬೇಕು.

ಮೈ ಆಡಿಸಿದ್ರೆ ಮನಸ್ಸಿಗೆ ಹೆಂಗೆ ಗುಣ ಆಗುತ್ತೆ ಅಂತ ಕೇಳಿದ್ರೆ ಎಲ್ರೂ ಎಂಡಾರ್ಫಿನ್ ಅಂತಾರೆ. ಅದು ಅರ್ಧ ಹಳೇ ಕಥೆ. ಎಕ್ಸರ್‌ಸೈಜ್ ಮಾಡಿದಾಗ ರಕ್ತದಲ್ಲಿ ಎಂಡಾರ್ಫಿನ್ ಏರೋದು ನಿಜ, ಆದ್ರೆ ರಕ್ತದಲ್ಲಿರೋದು ಮೆದುಳಿನೊಳಗೆ ಸುಲಭವಾಗಿ ದಾಟಲ್ಲ. 2021ರಲ್ಲಿ ಒಂದು ಪ್ರಯೋಗದಲ್ಲಿ ಎಂಡಾರ್ಫಿನ್ ಕೆಲ್ಸ ಮಾಡೋ ಜಾಗವನ್ನೇ ಔಷಧಿ ಕೊಟ್ಟು ಮುಚ್ಚಿ ಓಡಿಸಿದ್ರು, ಆದ್ರೂ ಓಡಿದ ಮೇಲಿನ ಆ ಹಗುರ, ಖುಷಿ ಬಂದೇ ಬಂತು. ನಮ್ಮ ದೇಹವೇ ತಯಾರಿಸೋ ಎಂಡೋಕ್ಯಾನಬಿನಾಯ್ಡ್ ಅನ್ನೋ ಬೇರೆ ರಾಸಾಯನಿಕಗಳ ಕೈವಾಡ ಇದೆ ಅಂತ ಈಗ ಹೆಚ್ಚು ನಂಬಿಕೆ, ಅವು ಮೆದುಳಿಗೆ ಸಲೀಸಾಗಿ ಹೋಗ್ತವೆ. ಇದು ಆ ಕ್ಷಣದ ಹಗುರದ ವಿಷಯ ಆಯ್ತು. ವಾರಗಟ್ಟಲೆ ಮಾಡಿದಾಗ ಆಗೋದು ಬೇರೆ. ಬಿಡಿಎನ್ಎಫ್ ಅಂತ ಒಂದು ಪ್ರೋಟೀನ್ ಇದೆ, ನರಕೋಶಗಳಿಗೆ ಗೊಬ್ಬರ ಇದ್ದ ಹಾಗೆ ಅಂದ್ಕೊಳ್ಳಿ, ಅದು ಹೆಚ್ಚುತ್ತೆ. ನೆನಪಿಗೂ ಭಾವನೆಗೂ ಬೇಕಾದ ಹಿಪೋಕ್ಯಾಂಪಸ್ ಅನ್ನೋ ಭಾಗ ದೀರ್ಘಕಾಲದ ಡಿಪ್ರೆಶನ್‌ನಲ್ಲಿ ಸ್ವಲ್ಪ ಕುಗ್ಗಿರೋದು ಕಾಣುತ್ತೆ. 2011ರಲ್ಲಿ ಪ್ರಕಟ ಆದ ಒಂದು ಸ್ಟಡಿಯಲ್ಲಿ ಆರೋಗ್ಯವಾಗಿದ್ದ 120 ಜನ ಹಿರಿಯರಲ್ಲಿ ಅರ್ಧ ಜನರನ್ನ ಒಂದು ವರ್ಷ ವಾರಕ್ಕೆ ಮೂರು ದಿನ ನಡೆಸಿದಾಗ ಅವರ ಹಿಪೋಕ್ಯಾಂಪಸ್ ಸುಮಾರು ಶೇ. 2ರಷ್ಟು ಬೆಳೆದಿತ್ತು, ಬರೀ ಮೈ ಚಾಚೋ ಸ್ಟ್ರೆಚಿಂಗ್ ಮಾಡಿದ ಗುಂಪಲ್ಲಿ ಅದು ವಯಸ್ಸಿಗೆ ತಕ್ಕ ಹಾಗೆ ಕುಗ್ಗಿತ್ತು. ಇದೆಲ್ಲಾ ಇದ್ರೂ ನನ್ನ ಅನುಭವದಲ್ಲಿ ಜನಕ್ಕೆ ಮೊದಲು ಕಾಣೋದು ನಿದ್ದೆ. ಮೂರ್ನಾಲ್ಕು ವಾರ ಆದ್ಮೇಲೆ "ಮೂಡ್ ಏನೂ ಬದಲಾಗಿಲ್ಲ ಡಾಕ್ಟ್ರೇ, ಆದ್ರೆ ರಾತ್ರಿ ಎಚ್ಚರ ಆಗೋದು ಕಮ್ಮಿ ಆಗಿದೆ" ಅಂತಾರೆ, ಆಗ ನನಗೆ ಧೈರ್ಯ ಬರುತ್ತೆ, ನಿದ್ದೆ ಹಿಂದೇನೇ ಮೂಡೂ ಬರುತ್ತೆ.

ಓಡೋಕೆ ಹೋಗಿ ಭಯ ಆಯ್ತಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಓಡಿದಾಗ ಏನಾಗುತ್ತೆ? ಎದೆ ಬಡಿತ ಏರುತ್ತೆ, ಉಸಿರು ಜೋರಾಗುತ್ತೆ, ಬೆವರುತ್ತೆ, ಕೈಕಾಲು ಸ್ವಲ್ಪ ನಡುಗುತ್ತೆ. ಪ್ಯಾನಿಕ್, ಅಂದ್ರೆ ಇದ್ದಕ್ಕಿದ್ದ ಹಾಗೆ ವಿಪರೀತ ಭಯ ಆದಾಗ ಏನಾಗುತ್ತೆ? ಇದೇ. ಆಂಗ್ಸೈಟಿ ಇರೋರ ಮೆದುಳು ಈ ಲಕ್ಷಣಗಳನ್ನ ನೋಡಿದ ತಕ್ಷಣ "ಏನೋ ಅಪಾಯ" ಅಂತ ಗಂಟೆ ಬಾರಿಸಿಬಿಡುತ್ತೆ. ಅಲ್ಲಿಗೇ ವಾಪಸ್ ಬಂದ್ರೆ ಮೆದುಳು ಕಲಿಯೋ ಪಾಠ "ಬಚಾವಾದೆ" ಅಂತ. ಅದೇ ಲಕ್ಷಣಗಳನ್ನ ಚಿಕ್ಕ ಚಿಕ್ಕ ಪ್ರಮಾಣದಲ್ಲಿ ಮತ್ತೆ ಮತ್ತೆ ಅನುಭವಿಸಿ, ಏನೂ ಆಗದೆ ಅದು ತಾನಾಗೇ ಇಳಿಯೋದನ್ನ ನೋಡಿದ್ರೆ ನಿಧಾನವಾಗಿ ಆ ಗಂಟೆ ಬಾರಿಸೋದು ನಿಲ್ಲುತ್ತೆ. ಹೀಗಾಗಿ ಆಂಗ್ಸೈಟಿ ಇರೋರಿಗೆ ಎಕ್ಸರ್‌ಸೈಜೇ ಒಂದು ಥರ ಭಯ ಬಿಡಿಸೋ ಚಿಕಿತ್ಸೆ. ಪ್ಯಾನಿಕ್ ಡಿಸಾರ್ಡರ್ ಇದ್ದ 46 ಜನರ ಮೇಲೆ 1998ರಲ್ಲಿ ಪ್ರಕಟ ಆದ ಒಂದು ಟ್ರಯಲ್‌ನಲ್ಲಿ 10 ವಾರ ಓಡಿದೋರು ಖಾಲಿ ಮಾತ್ರೆಯೋರಿಗಿಂತ ಚೆನ್ನಾಗಿ ಸುಧಾರಿಸಿದ್ರು, ಆದ್ರೆ ಕ್ಲೋಮಿಪ್ರಮಿನ್ ಔಷಧಿ ತಗೊಂಡೋರು ಇನ್ನೂ ಬೇಗ, ಇನ್ನೂ ಹೆಚ್ಚು ಸುಧಾರಿಸಿದ್ರು. ನೀವು ಮಾಡಿದ ತಪ್ಪು ಅಂದ್ರೆ ಒಂದೇ, ಮೊದಲನೇ ದಿನವೇ ಓಡಿದ್ದು. ಅಭ್ಯಾಸ ಇಲ್ಲದೋರು ಏದುಸಿರು ಬರೋ ಮಟ್ಟಕ್ಕೆ ಹೋದ್ರೆ ಆ ಹೊತ್ತಲ್ಲಿ ಮನಸ್ಸಿಗೆ ಹಿತ ಅನ್ಸಲ್ಲ, ಹಿಂಸೆನೇ ಅನ್ಸೋದು, ಯಾರಿಗಾದ್ರೂ ಅಷ್ಟೇ. ನಡೀತಾ ಪಕ್ಕದವರ ಜೊತೆ ಮಾತಾಡೋಕೆ ಆಗ್ಬೇಕು ಆದ್ರೆ ಹಾಡು ಹೇಳೋಕೆ ಆಗ್ಬಾರ್ದು, ಆ ಸ್ಪೀಡ್ ಸಾಕು. ಮೊದಲ ಎರಡು ಮೂರು ವಾರ ಹಾಡು ಹೇಳೋ ಸ್ಪೀಡಾದ್ರೂ ನನಗೆ ಸಂತೋಷನೇ. ಒಂದು ಮಾತು, ನಡೆಯುವಾಗ ಎದೆ ಹಿಂಡಿದ ಹಾಗೆ ನೋವು ಬಂದ್ರೆ, ಕಣ್ಣು ಕತ್ತಲೆ ಬಂದ್ರೆ, ಮನೇಲಿ ಚಿಕ್ಕ ವಯಸ್ಸಲ್ಲೇ ಹಾರ್ಟ್ ಪ್ರಾಬ್ಲಮ್ ಆದೋರು ಇದ್ರೆ ಅದು ಆಂಗ್ಸೈಟಿನೇ ಅಂತ ನಾವು ನೀವು ಊಹೆ ಮಾಡೋದು ಬೇಡ, ಮೊದಲು ಫಿಸಿಶಿಯನ್ ಹತ್ರ ತೋರಿಸಿ. ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್ ಟೆಸ್ಟ್ ಆಗಿಲ್ಲದಿದ್ರೆ ಮಾಡಿಸಿಬಿಡಿ, ಇವೆರಡರಲ್ಲಿ ಯಾವುದು ಕಮ್ಮಿ ಇದ್ರೂ ಡಿಪ್ರೆಶನ್ ಥರಾನೇ ಸುಸ್ತಾಗುತ್ತೆ.

ಎಷ್ಟು ಮಾಡ್ಬೇಕು ಅಂತ ಕೇಳಿದ್ರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿರೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಇಲ್ಲಾಂದ್ರೆ 75ರಿಂದ 150 ನಿಮಿಷ ಜೋರಾದದ್ದು, ಜೊತೆಗೆ ವಾರಕ್ಕೆ ಎರಡು ದಿನವಾದ್ರೂ ಸ್ನಾಯುಗಳಿಗೆ ಬಲ ಕೊಡೋ ವ್ಯಾಯಾಮ. ಈ 150 ಅನ್ನೋ ನಂಬರ್ ಕೇಳಿದ್ರೇ ನಿಮ್ಮ ಸ್ಥಿತಿಯಲ್ಲಿರೋರು ಮತ್ತೆ ಹೊದ್ದು ಮಲಗಿಬಿಡ್ತಾರೆ, ಅದಕ್ಕೇ ಇದನ್ನೂ ಕೇಳಿ. 2022ರಲ್ಲಿ 1,91,130 ಜನರ ಮಾಹಿತಿ ಇರೋ 15 ಸ್ಟಡಿಗಳನ್ನ ಒಟ್ಟು ಮಾಡಿ ನೋಡಿದ್ರು. ಏನೂ ಮಾಡದೋರಿಗೆ ಹೋಲಿಸಿದ್ರೆ ವಾರಕ್ಕೆ ಎರಡೂವರೆ ಗಂಟೆ ಬಿರುಸು ನಡಿಗೆಯಷ್ಟು ಚಟುವಟಿಕೆ ಇದ್ದೋರಲ್ಲಿ ಡಿಪ್ರೆಶನ್ ಬರೋ ಅಪಾಯ ಶೇ. 25ರಷ್ಟು ಕಮ್ಮಿ ಇತ್ತು. ಅದರಲ್ಲಿ ಅರ್ಧ ಮಾತ್ರ ಮಾಡಿದೋರಲ್ಲಿ? ಶೇ. 18ರಷ್ಟು ಕಮ್ಮಿ. ಅಂದ್ರೆ ಸೊನ್ನೆಯಿಂದ ಸ್ವಲ್ಪಕ್ಕೆ ಬರೋದ್ರಲ್ಲೇ ಲಾಭದ ದೊಡ್ಡ ಪಾಲಿದೆ. ನಾರ್ವೆಯಲ್ಲಿ 33,908 ಜನರನ್ನ 11 ವರ್ಷ ಗಮನಿಸಿದ ಸ್ಟಡಿಯಲ್ಲೂ ಹಾಗೇ, ಎಲ್ರೂ ವಾರಕ್ಕೆ ಒಂದೇ ಒಂದು ಗಂಟೆ ಮಾಡಿದ್ರೂ ಮುಂದೆ ಬಂದ ಡಿಪ್ರೆಶನ್ ಕೇಸ್‌ಗಳಲ್ಲಿ ಶೇ. 12ರಷ್ಟು ತಪ್ಪಿಸಬಹುದಿತ್ತು ಅನ್ನೋ ಲೆಕ್ಕ ಬಂತು. ಇವು ಕಾಯಿಲೆ ಬರದ ಹಾಗೆ ತಡೆಯೋ ಲೆಕ್ಕ, ಬಂದಿರೋದನ್ನ ವಾಸಿ ಮಾಡೋ ಲೆಕ್ಕ ಅಲ್ಲ, ಆ ವ್ಯತ್ಯಾಸ ನೆನಪಿರ್ಲಿ. ಮತ್ತೆ ಮನಸ್ಸು ಚೆನ್ನಾಗಿರೋರೇ ಹೆಚ್ಚು ಓಡಾಡ್ತಾರೆ ಅನ್ನೋದೂ ಇದ್ರಲ್ಲಿ ಸ್ವಲ್ಪ ಸೇರಿರುತ್ತೆ. ಆದ್ರೂ ನಿಮ್ಮಂಥೋರಿಗೆ ಇದ್ರಲ್ಲಿ ಧೈರ್ಯ ಇದೆ.

ಶುರು ಹೀಗೆ ಮಾಡಿ. ಮೂಡ್ ಬರ್ಲಿ ಅಂತ ಕಾಯಬೇಡಿ, ಡಿಪ್ರೆಶನ್‌ನಲ್ಲಿ ಮೂಡ್ ಮೊದಲು ಬರಲ್ಲ, ಮೈ ಮೊದಲು ಹೋಗುತ್ತೆ, ಮನಸ್ಸು ಹಿಂದಿಂದ ಬರುತ್ತೆ. ಈ ವಾರ ನಿಮ್ಮ ಗುರಿ ಐದು ನಿಮಿಷ, ಅಷ್ಟೇ. ಮನೆಯಿಂದ ಹೊರಗೆ ಬಂದು ಎರಡೂವರೆ ನಿಮಿಷ ಹೋಗಿ, ತಿರುಗಿ ಬನ್ನಿ. ಹತ್ತು ಮಾಡೋ ಹುಮ್ಮಸ್ಸು ಬಂದ್ರೂ ಮೊದಲ ವಾರ ಐದಕ್ಕೇ ನಿಲ್ಲಿಸಿ, ಇದನ್ನ ಹೇಳಿದ್ರೆ ಜನ ವಿಚಿತ್ರವಾಗಿ ನೋಡ್ತಾರೆ, ಆದ್ರೆ ನಾಳೆಯ ಐದು ನಿಮಿಷಕ್ಕೆ ಇವತ್ತಿನ ಹದಿನೈದೇ ಶತ್ರು. ಯಾವ ಹೊತ್ತಲ್ಲಿ ಮೈ ಸ್ವಲ್ಪ ಹಗುರ ಇರುತ್ತೋ ಆಗ ಮಾಡಿ. ನಿಮಗೆ ಬೆಳಿಗ್ಗೆನೇ ಭಾರ ಹೆಚ್ಚು ಅಂದಿದ್ದೀರ, ಹಾಗಿದ್ರೆ ಬೆಳಿಗ್ಗೆನೇ ಮಾಡ್ಬೇಕು ಅನ್ನೋ ನಿಯಮ ಎಲ್ಲೂ ಇಲ್ಲ, ಡ್ಯೂಟಿ ಮುಗಿದು ಮನೆ ಒಳಗೆ ಕಾಲಿಡೋಕೆ ಮುಂಚೆ ಮಾಡಿ, ಒಳಗೆ ಹೋಗಿ ಕೂತ್ರೆ ಮತ್ತೆ ಏಳೋದು ಕಷ್ಟ. ಒಂದಿನ ತಪ್ಪಿದ್ರೆ ತಪ್ಪಿತು, ಮರುದಿನ ಎರಡರಷ್ಟು ಮಾಡಿ ತೀರಿಸೋಕೆ ಹೋಗಬೇಡಿ, ಅದೇನು ಸಾಲ ಅಲ್ಲ. ವಾರಕ್ಕೊಂದ್ಸಲ ಎರಡು ಮೂರು ನಿಮಿಷ ಏರಿಸ್ತಾ ಹೋದ್ರೆ ಎರಡು ಎರಡೂವರೆ ತಿಂಗಳಲ್ಲಿ ಇಪ್ಪತ್ತೈದು ಮೂವತ್ತು ನಿಮಿಷಕ್ಕೆ ಬರ್ತೀರ. ಒಂದು ಕ್ಯಾಲೆಂಡರ್‌ನಲ್ಲಿ ಮಾಡಿದ ದಿನ ಗುರುತು ಹಾಕಿ, ಪಕ್ಕದಲ್ಲಿ ಹೋಗೋ ಮುಂಚಿನ ಮೂಡ್‌ಗೆ, ಬಂದ ಮೇಲಿನ ಮೂಡ್‌ಗೆ ಹತ್ತಕ್ಕೆ ಎಷ್ಟು ಅಂತ ಬರೆಯಿರಿ. ಡಿಪ್ರೆಶನ್‌ನಲ್ಲಿ ಒಳ್ಳೇದು ನೆನಪಲ್ಲಿ ಉಳಿಯಲ್ಲ, ಹಾಗಾಗಿ ಕಾಗದದ ಮೇಲೆ ಉಳಿಸ್ಬೇಕು. ಎರಡು ಮೂರಾಗಿದ್ರೂ ಅದು ಅಲ್ಲಿ ಕಾಣುತ್ತೆ.

ವಾಕಿಂಗೇ ಆಗ್ಬೇಕು ಅಂತಿಲ್ಲ. 2024ರಲ್ಲಿ 218 ಟ್ರಯಲ್‌ಗಳನ್ನ, 14,170 ಜನರ ಮಾಹಿತಿಯನ್ನ ಒಟ್ಟಿಗೆ ನೋಡಿದಾಗ ನಡಿಗೆ, ನಿಧಾನ ಓಟ, ಯೋಗ, ತೂಕ ಎತ್ತೋ ವ್ಯಾಯಾಮ ಇವೆಲ್ಲಾ ಡಿಪ್ರೆಶನ್‌ಗೆ ಸಹಾಯ ಮಾಡೋದು ಕಂಡಿತ್ತು, ಡ್ಯಾನ್ಸ್ ಕೂಡ. ದಿನಾ ನಿಂತು ಕಾಲು ನೋಯೋರಿಗೆ ಯೋಗನೋ ಈಜೋ ಹಿತ ಅನ್ಸಬಹುದು. ಗುಂಪಿನ ಕ್ಲಾಸ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಡಾಕ್ಟ್ರುಗಳಿಗೆ ಹೇಳೋ ಬ್ರಿಟನ್‌ನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯಲ್ಲಿ ಕಡಿಮೆ ತೀವ್ರತೆಯ ಡಿಪ್ರೆಶನ್‌ಗೆ ಗುಂಪು ವ್ಯಾಯಾಮವನ್ನ ಒಂದು ಚಿಕಿತ್ಸೆ ಅಂತಾನೇ ಸೇರಿಸಿದ್ದಾರೆ, ಸುಮಾರು 10 ವಾರ, ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ. ನಿಮಗೆ ಇಷ್ಟ ಆಗೋದನ್ನ ಮಾಡಿ, ಈಗ ಯಾವುದೂ ಇಷ್ಟ ಆಗಲ್ಲ ಅಂದ್ರೆ ಹಿಂದೆ ಯಾವತ್ತೋ ಇಷ್ಟ ಇದ್ದಿದ್ದನ್ನ ಮಾಡಿ.

ಟ್ಯಾಬ್ಲೆಟ್ ತಗೊಳ್ಳೋರು ಕೆಲವು ವಿಷಯ ಗಮನಿಸ್ಬೇಕು. ಆಂಗ್ಸೈಟಿಗೆ ಪ್ರೊಪ್ರನೊಲಾಲ್ ಕೊಟ್ಟಿದ್ರೆ ಎದೆ ಬಡಿತ ಜಾಸ್ತಿ ಏರಲ್ಲ, ಆಗ ವಾಚಲ್ಲಿ ಬರೋ ನಂಬರ್ ನಂಬಬೇಡಿ, ಮಾತಾಡೋಕೆ ಆಗುತ್ತಾ ಅನ್ನೋದನ್ನೇ ನೋಡ್ಕೊಳ್ಳಿ. ಮೂಡ್ ಏರುಪೇರು ತಡೆಯೋಕೆ ಕೊಡೋ ಲಿಥಿಯಂ ಮಾತ್ರೆ ತಗೊಳ್ಳೋರು ಬೆವರು ಸುರಿಸಿ ನೀರು ಕುಡಿಯದೇ ಇದ್ರೆ ರಕ್ತದಲ್ಲಿ ಲಿಥಿಯಂ ಏರಿ ಅಪಾಯ ಆಗಬಹುದು, ಅಂಥೋರು ಡಾಕ್ಟ್ರನ್ನ ಕೇಳಿಯೇ ಜೋರು ವ್ಯಾಯಾಮ ಶುರು ಮಾಡ್ಬೇಕು. ಇದ್ದಕ್ಕಿದ್ದ ಹಾಗೆ ನಿದ್ದೆನೇ ಬೇಡ, ಗಂಟೆಗಟ್ಟಲೆ ಓಡಿದ್ರೂ ಸುಸ್ತೇ ಇಲ್ಲ, ತಲೆ ತುಂಬಾ ಪ್ಲಾನ್‌ಗಳು ಅನ್ನೋ ಹಾಗಾದ್ರೆ ಅದು ಗುಣ ಆದ ಲಕ್ಷಣ ಅಂತ ಖುಷಿ ಪಡಬೇಡಿ, ಕೂಡಲೇ ನಿಮ್ಮ ಸೈಕಿಯಾಟ್ರಿಸ್ಟ್‌ಗೆ ತಿಳಿಸಿ. ಮತ್ತೆ ಬದುಕೇ ಬೇಡ ಅನ್ನೋ ಯೋಚನೆ ಯಾವತ್ತಾದ್ರೂ ಬಂದ್ರೆ ಅದಕ್ಕೆ ವಾಕಿಂಗ್ ಉತ್ತರ ಅಲ್ಲ, ಅವತ್ತೇ, ಆ ಗಂಟೆಯಲ್ಲೇ ಮನೆಯವರಿಗೆ ಹೇಳಿ, ಡಾಕ್ಟ್ರಿಗೆ ಫೋನ್ ಮಾಡಿ, ಅವ್ರು ಸಿಗದಿದ್ರೆ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ನೀವು ಪತ್ರದಲ್ಲಿ ಹಾಗೇನೂ ಬರೆದಿಲ್ಲ, ಆದ್ರೂ ಹೇಳದೇ ಇರೋಕೆ ನನಗೆ ಮನಸ್ಸು ಒಪ್ಪಲ್ಲ.

ಇನ್ನು ನಿಮ್ಮನೆಯವರ ಮಾತು. ಅವರ ಕಾಳಜಿ ನಿಜವಾದದ್ದೇ, ಅವರಿಗೆ ಏನು ಮಾಡ್ಬೇಕು ಅಂತ ಗೊತ್ತಾಗ್ತಿಲ್ಲ ಅಷ್ಟೇ. ಈ ಉತ್ತರನ ಅವರಿಗೂ ಓದಿಸಿ. ಸ್ವಾಮಿ, "ವಾಕಿಂಗ್ ಹೋಗು" ಅಂತ ಹೇಳೋದನ್ನ ಇವತ್ತಿಂದ ನಿಲ್ಲಿಸಿಬಿಡಿ. ಸಂಜೆ ಅವರು ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ನೀವೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಾಚೆ ನಿಂತಿರಿ, "ಬಾ, ಐದು ನಿಮಿಷ ಹೋಗ್ಬರೋಣ" ಅನ್ನಿ. ದಾರೀಲಿ ಹೇಗನ್ಸ್ತಿದೆ, ಈಗ ಪರವಾಗಿಲ್ವಾ ಅಂತೆಲ್ಲಾ ಕೇಳಬೇಡಿ, ಅವರಾಗಿ ಮಾತಾಡಿದ್ರೆ ಕೇಳಿಸ್ಕೊಳ್ಳಿ, ಇಲ್ಲಾಂದ್ರೆ ಸುಮ್ನೆ ಜೊತೆಗೆ ನಡೀರಿ. ವಾಪಸ್ ಬಂದ ಮೇಲೆ ಮನೆಕೆಲ್ಸದಲ್ಲಿ ಅರ್ಧ ನೀವು ತಗೊಳ್ಳಿ, ಆ ಐದು ನಿಮಿಷ ಅವರಿಗೆ ಸಿಗ್ಬೇಕಾದ್ರೆ ಅದು ಎಲ್ಲಿಂದಾದ್ರೂ ಬರ್ಬೇಕಲ್ವಾ.